ಅವಿಭಜಿತ ಅಂದ್ರೆ ಎಂತ ಮಾರ್ರೆ?

ಮಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವವರು ಕ್ರಯಪತ್ರದಲ್ಲಿ ಓದದೆ ದಾಟಿಬಿಡುವ ಒಂದು ಮಾತು ಉಂಟು: 'ಅವಿಭಜಿತ ಹಕ್ಕು'. ಬಾಲ್ಕನಿಯಿಂದ ಸಮುದ್ರ ಕಾಣ್ತದಾ, ಲಿಫ್ಟ್ ಯಾವ ಕಂಪೆನಿಯದ್ದು ಅಂತ ಕೇಳಿದವರೂ ಕೆಳಗಿನ ನೆಲದಲ್ಲಿ ನನ್ನ ಪಾಲೆಷ್ಟು ಅಂತ ಕೇಳುವುದಿಲ್ಲ. ಗೋಡೆಗೆ ವಯಸ್ಸಾಗ್ತದೆ. ಕಟ್ಟಡ ಕೆಡವುವ ದಿನ ಬೆಲೆ ಉಳಿಯುವುದು ನೆಲಕ್ಕೆ.

ನಾನು ಹಳ್ಳಿಯಲ್ಲಿ ಬೆಳೆದವನು, ಈ ಮಾತು ನಮ್ಮ ಕಡೆಗೆ ಹೊಸತಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಎಲ್ಲರದ್ದು. ಆದರೆ 'ಈ ಗದ್ದೆ ನನ್ನದು' ಅಂತ ಒಬ್ಬನೇ ಬೇಲಿ ಹಾಕುವ ಹಾಗಿರಲಿಲ್ಲ. ಪಾಲು ಕೇಳುವ ಹಕ್ಕನ್ನು ಕವರುಗಳಿಗೆ ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯ್ದೆ ಅದಕ್ಕೂ ಬಿಗಿ. ಮೆಟ್ಟಿಲು, ತಾರಸಿ, ಅಂಗಳದಲ್ಲಿ ಪ್ರತಿ ಮನೆಗೆ ಶೇಕಡಾ ಲೆಕ್ಕದ ಹಕ್ಕು. ಇಡೀ ಆಸ್ತಿಯ ಬೆಲೆಯಲ್ಲಿ ನಿಮ್ಮ ಮನೆಯ ಬೆಲೆ ಎಷ್ಟೋ ಅಷ್ಟು. ಆಸ್ತಿ ಆ ಕಾಯ್ದೆಯ ಒಳಗಿರುವವರೆಗೆ ಅದನ್ನು ತುಂಡು ಮಾಡಿ ಕೊಡಿ ಅಂತ ಯಾರೂ ಕೇಳುವ ಹಾಗಿಲ್ಲ.

ತತ್ವ ಚೆನ್ನಾಗಿ ಉಂಟು. ತಕರಾರು ಬಾಗಿಲಲ್ಲಿ. ಮಾಲಿಕರು ಡಿಕ್ಲರೇಶನ್ ಬರೆದು ನೋಂದಣಿ ಮಾಡಿಸಿದರೆ ಮಾತ್ರ ಆ ಕಾಯ್ದೆ ಕಟ್ಟಡಕ್ಕೆ ತಾಗುವುದು. ಡಿಫಾಲ್ಟ್ ಆಗಿ ಆಫ್ ಇಟ್ಟ ಫೀಚರನ್ನು ಯಾರೂ ಆನ್ ಮಾಡುವುದಿಲ್ಲ ಅಂತ ಸಾಫ್ಟ್‌ವೇರ್ ಬರೆಯುವವರಿಗೆ ಗೊತ್ತು. ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲ. ಮೇಲಿಂದ 2016ರ ರೇರಾ ಬಂತು. ನಮ್ಮ ಕ್ರಯಪತ್ರ ನೆಲದ ಪಾಲನ್ನು ಕೊಂಡವರ ಹೆಸರಿಗೆ ಬರೆಯುತ್ತದೆ. ರೇರಾ ಸಾಮಾನ್ಯ ಜಾಗದ ಹಕ್ಕನ್ನು ಸಂಘಕ್ಕೆ ವರ್ಗಾಯಿಸಿ ಅನ್ನುತ್ತದೆ. ಒಂದೇ ಅಂಗಳಕ್ಕೆ ಇಬ್ಬರು ಯಜಮಾನರು!

ಈ ಗೊಂದಲದಲ್ಲಿ ಬಿಲ್ಡರ್ ತಾರಸಿ ಮಾರ್ತಾನೆ, ಪಾರ್ಕಿಂಗಿಗೆ ಬೇರೆ ದುಡ್ಡು ಕೇಳ್ತಾನೆ. ಕಂಬಗಳ ಕೆಳಗಿನ ಪಾರ್ಕಿಂಗನ್ನು ಬಿಲ್ಡರ್ ಬಿಡಿಯಾಗಿ ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಮುಂಬೈಯ ಒಂದು ಸೊಸೈಟಿಯ ಕೇಸಿನಲ್ಲಿ, ಮಹಾರಾಷ್ಟ್ರದ ಕಾನೂನಿನ ಕೆಳಗೆ. ರೇರಾ ಕೂಡ ತಾರಸಿ, ತೆರೆದ ಪಾರ್ಕಿಂಗ್ ಎರಡನ್ನೂ ಸಾಮಾನ್ಯ ಜಾಗದ ಪಟ್ಟಿಯಲ್ಲೇ ಇಟ್ಟಿದೆ.

ಬಿಲ್ಡರಿಗೆ ಬೈಯುವುದು ಸುಲಭ. ಆದರೆ ಅವಿಭಜಿತ ಅಂದರೆ ಅವನು ಮಾರುವ ಹಾಗಿಲ್ಲ ಅಂತ ಮಾತ್ರ ಅಲ್ಲ, ನಾವು ಕಬಳಿಸುವ ಹಾಗೂ ಇಲ್ಲ. ಕಾರಿಡಾರಿಗೆ ಗ್ರಿಲ್ ಹಾಕಿ, ಚಪ್ಪಲಿ ಕಪಾಟು ಇಟ್ಟು, 'ನಮ್ಮ ಬಾಗಿಲ ಎದುರಲ್ವಾ' ಅನ್ನುವವರು ಮಾಡುವುದೂ ಪಾಲುಪಟ್ಟಿಯೇ. ಮನೆಗೆ ಬೀಗ ಹಾಕಿ ದುಬೈಯಲ್ಲಿದ್ದೇನೆ, ಲಿಫ್ಟ್ ಹತ್ತುವುದೇ ಇಲ್ಲ, ಮೆಂಟೆನೆನ್ಸ್ ಯಾಕೆ ಅಂತ ಕೇಳುವವರಿಗೂ 1972ರ ಕಾಯ್ದೆಯಲ್ಲಿ ಉತ್ತರ ಉಂಟು: ಬಳಸುವುದಿಲ್ಲ ಅಂದ ಮಾತ್ರಕ್ಕೆ ಖರ್ಚಿನ ಪಾಲು ತಪ್ಪುವುದಿಲ್ಲ.

ಕದ್ರಿ, ಬಿಜೈ, ಕಂಕನಾಡಿಯ ಹಳೇ ಕಟ್ಟಡಗಳಿಗೆ ನಾಳೆ ಹೊಸತಾಗಿ ಕಟ್ಟುವ ಮಾತು ಬಂದೇ ಬರ್ತದೆ. ಅದಕ್ಕೆ ಮುಂಚೆ, ಮುಂದಿನ ಮೀಟಿಂಗಿನಲ್ಲಿ ಪೈಂಟಿನ ಬಣ್ಣದ ಜಗಳ ಮುಗಿದ ಮೇಲೆ, ಒಂದು ಕೆಲಸ ಮಾಡಿ. ಡಿಕ್ಲರೇಶನ್ ನೋಂದಣಿ ಆಗಿದೆಯಾ ಅಂತ ಕೇಳಿ. ಆಮೇಲೆ ಎಲ್ಲರ ಕ್ರಯಪತ್ರ ತರಿಸಿ, ನೆಲದ ಪಾಲುಗಳನ್ನು ಕೂಡಿಸಿ. ಒಟ್ಟು ಜಾಗದ ಅಳತೆಗೆ ಸರಿ ಹೋಗ್ತದಾ? ಕಡಿಮೆ ಬಿದ್ದರೆ, ಉಳಿದ ನೆಲ ಈಗಲೂ ಯಾರ ಹೆಸರಿನಲ್ಲಿ ಉಂಟು ಅಂತ ಮೊದಲು ಹುಡುಕಿ.