ಅಂಚಿನ ಬರಹ ಮತ್ತು ಮೂಲಪಾಠ: ಇಸಿಡೋರನ ‘ಎಟಿಮಾಲಜಿಯೇ’ ಹಸ್ತಪ್ರತಿಗಳ ಓದುಗರು

ಸೆವಿಲ್ ನಗರದ ಬಿಷಪ್ ಇಸಿಡೋರ್ ಕ್ರಿ.ಶ. 636ರಲ್ಲಿ ಕಾಲವಾದಾಗ ಅವನ ‘ಎಟಿಮಾಲಜಿಯೇ’ ಅಪೂರ್ಣವಾಗಿಯೇ ಉಳಿದಿತ್ತು. ಅದನ್ನು ತಿದ್ದಿ ಪುಸ್ತಕಗಳಾಗಿ ವಿಂಗಡಿಸಿದವನು ಸಾರಗೋಸದ ಬಿಷಪ್ ಬ್ರೌಲಿಯೊ. ವ್ಯಾಕರಣದಿಂದ ಆರಂಭವಾಗಿ ವೈದ್ಯ, ಕಾನೂನು, ಪ್ರಾಣಿ, ಭೂಗೋಳ, ಲೋಹ, ಬೇಸಾಯಗಳನ್ನು ಹಾದು ಮನೆಬಳಕೆಯ ಪಾತ್ರೆ ಪದಾರ್ಥಗಳವರೆಗೆ ಸಾಗುವ 20 ಪುಸ್ತಕಗಳ ಈ ಲ್ಯಾಟಿನ್ ವಿಶ್ವಕೋಶವು 8ನೆಯ ಶತಮಾನ ಮುಗಿಯುವ ಹೊತ್ತಿಗೆ ಪಶ್ಚಿಮ ಯುರೋಪಿನ ಪ್ರಮುಖ ವಿದ್ಯಾಕೇಂದ್ರಗಳನ್ನೆಲ್ಲ ತಲುಪಿತ್ತು. ಕ್ರಿ.ಶ. 1000ಕ್ಕೆ ಮೊದಲಿನ ಪ್ರತಿಗಳು ಮತ್ತು ಬಿಡಿ ಹಾಳೆಗಳು ಸೇರಿ 400ಕ್ಕೂ ಹೆಚ್ಚು ಇಂದು ಉಳಿದಿವೆ. ಈ ಕೃತಿಯನ್ನು ಕುರಿತ ವಿದ್ವತ್ ಚರ್ಚೆಯು ಬಹುಕಾಲ ಇಸಿಡೋರನು ಯಾರಿಂದ ಏನನ್ನು ಪಡೆದನು ಎಂಬ ಆಕರಶೋಧದ ಸುತ್ತಲೇ ಸುಳಿಯಿತು. ಇಸಿಡೋರನಿಂದ ಯಾರು ಏನನ್ನು ಪಡೆದರು, ಪಡೆದುದನ್ನು ಏನು ಮಾಡಿಕೊಂಡರು ಎಂಬ ಪ್ರಶ್ನೆಗೆ ಉತ್ತರವಿರುವುದು ಹಸ್ತಪ್ರತಿಗಳ ಅಂಚುಗಳಲ್ಲಿ.

ಚರ್ಮಪತ್ರದ ಪುಟದಲ್ಲಿ ನಾಲ್ಕೂ ಕಡೆ ಅಂಚು ಬಿಡುವ ರೂಢಿಯಿತ್ತು. ಕಠಿಣ ಪದದ ಮೇಲೆ, ಸಾಲುಗಳ ನಡುವೆ, ಸಣ್ಣ ಅಕ್ಷರಗಳಲ್ಲಿ ಸಮಾನಾರ್ಥಕ ಪದವನ್ನು ಬರೆಯುತ್ತಿದ್ದರು. ವಿವರಣೆ ದೀರ್ಘವಾದಲ್ಲಿ ಅದು ಅಂಚಿಗೆ ಸರಿಯುತ್ತಿತ್ತು. ಪದಕ್ಕೂ ವಿವರಣೆಗೂ ಒಂದೇ ಗುರುತನ್ನು ಹಾಕಿ ಎರಡನ್ನೂ ಬೆಸೆಯುತ್ತಿದ್ದರು. ಗಮನಾರ್ಹ ಭಾಗದ ಪಕ್ಕದಲ್ಲಿ ‘ನೋಟ’ (ಗಮನಿಸು) ಎಂಬ ಪದದ ಅಕ್ಷರಗಳನ್ನು ಹೆಣೆದ ಚಿಹ್ನೆ, ಪಾಠ ಸಂದೇಹಾಸ್ಪದವಾದಲ್ಲಿ ‘ರಿಕ್ವೀರೆ’ (ಹುಡುಕು, ವಿಚಾರಿಸು) ಎಂಬುದರ ಸಂಕ್ಷೇಪ ಕಾಣುತ್ತದೆ. ಕೆಲವರು ಶಾಯಿಯನ್ನೇ ಬಳಸದೆ ಲೋಹದ ಮೊನೆಯಿಂದ ಚರ್ಮದ ಮೇಲೆ ಗೀರಿದ್ದಾರೆ. ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ಹಚ್ಚದೆ ಬಿಟ್ಟಂತಿರುವ ಈ ಬರಹವು ಓರೆಬೆಳಕಿನಲ್ಲಿ ಮಾತ್ರ ಗೋಚರಿಸುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಟಿಪ್ಪಣಿ ಮಾಡುವ ಕ್ರಮವನ್ನು ಈ ಗ್ರಂಥವೇ ಬೋಧಿಸುತ್ತದೆ. ಮೊದಲ ಪುಸ್ತಕದ 21ನೆಯ ಅಧ್ಯಾಯದಲ್ಲಿ ಪ್ರಾಚೀನ ವಿದ್ವಾಂಸರು ಬಳಸುತ್ತಿದ್ದ 26 ಚಿಹ್ನೆಗಳ ಪಟ್ಟಿಯಿದೆ. ಅದರ ಮುಂದಿನದು ರೋಮನ್ನರ ಶೀಘ್ರಲಿಪಿಯನ್ನು ಕುರಿತದ್ದು. ಆದರೆ ಓದುಗರು ಆ ಪಟ್ಟಿಯನ್ನು ಶಿರಸಾವಹಿಸಿ ನಡೆಯಲಿಲ್ಲ. ಎವಿನಾ ಸ್ಟೈನೋವಾ ಅವರು ಆರಂಭಿಕ ಮಧ್ಯಯುಗದ ಟಿಪ್ಪಣಿ ಚಿಹ್ನೆಗಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಗ್ರಂಥವು ಪಟ್ಟಿಯ ಬೋಧನೆಗೂ ಓದುಗರ ರೂಢಿಗೂ ನಡುವೆ ಇದ್ದ ಅಂತರವನ್ನು ಗಮನಕ್ಕೆ ತಂದಿದೆ. ಪಟ್ಟಿಯ ಬಹುಪಾಲು ಚಿಹ್ನೆಗಳು ಗ್ರಂಥಸ್ಥವಾಗಿಯೇ ಉಳಿದವು. ಶೀಘ್ರಲಿಪಿಯಾದರೋ ಕರೋಲಿಂಜಿಯನ್ ಕಾಲದ ಟಿಪ್ಪಣಿಕಾರರ ಕೈಯಲ್ಲಿ ಇಕ್ಕಟ್ಟಾದ ಅಂಚಿಗೆ ಒದಗಿಬಂತು. ಶಾಸ್ತ್ರ ಹೇಳುವುದು ಒಂದು, ಬಳಕೆ ಉಳಿಸಿಕೊಳ್ಳುವುದು ಮತ್ತೊಂದು ಎಂಬುದು ಜಾನಪದ ವಿದ್ವಾಂಸರಿಗೆ ಹೊಸ ವಿಚಾರವೇನಲ್ಲ.

ಟಿಪ್ಪಣಿಗಳು 20 ಪುಸ್ತಕಗಳಲ್ಲಿ ಸಮನಾಗಿ ಹರಡಿಲ್ಲ. ಅವು ದಟ್ಟವಾಗಿರುವುದು ವ್ಯಾಕರಣವನ್ನು ಕುರಿತ ಮೊದಲ ಪುಸ್ತಕದಲ್ಲಿ. ಇದಕ್ಕೆ ಕಾರಣವನ್ನು ಶಾಲೆಯಲ್ಲಿ ಅರಸಬೇಕು. ಚಾರ್ಲ್‌ಮನ್ ಚಕ್ರವರ್ತಿಯು 789ರಲ್ಲಿ ಹೊರಡಿಸಿದ ರಾಜಶಾಸನವು ಮಕ್ಕಳಿಗೆ ಓದು ಕಲಿಸುವ ಶಾಲೆಗಳನ್ನೂ ತಿದ್ದಿದ ಶುದ್ಧ ಪುಸ್ತಕಗಳನ್ನೂ ಮಠಗಳಿಂದ ಅಪೇಕ್ಷಿಸಿತು. ಲ್ಯಾಟಿನ್ ತಾಯ್ನುಡಿಯಲ್ಲದ ಪ್ರದೇಶಗಳಲ್ಲಿ ಉಪಾಧ್ಯಾಯನ ಕೈಗೆ ಬೇಕಾದುದು ವ್ಯಾಕರಣ. ಹೀಗಾಗಿ ಮೊದಲ ಪುಸ್ತಕವು ಉಳಿದವುಗಳಿಂದ ಬೇರ್ಪಟ್ಟು ಸ್ವತಂತ್ರ ಪಠ್ಯವಾಗಿಯೂ ಸಂಚರಿಸಿತು. ಆಧುನಿಕರು ವಿಶ್ವಕೋಶವೆಂದು ಹೆಸರಿಟ್ಟ ಕೃತಿಯು ಟಿಪ್ಪಣಿಕಾರರಲ್ಲಿ ಬಹುಮಂದಿಗೆ ವ್ಯಾಕರಣ ಪುಸ್ತಕವಾಗಿತ್ತು. ಹಾಗೆಂದು ಖಾಲಿ ಅಂಚುಗಳ ಭಾಗವನ್ನು ಯಾರೂ ಓದಲಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಕಲ್ಲಿನ ಗುಣವನ್ನೋ ಹಕ್ಕಿಯ ಹೆಸರನ್ನೋ ನೋಡಲು ಪುಟ ತೆರೆದವನು ನೋಡಿ ಮುಚ್ಚುತ್ತಾನೆ. ಬರೆಯುವವನು ಪಾಠ ಹೇಳುವವನು.

ಇಸಿಡೋರನ ನಿರುಕ್ತಿಗಳನ್ನು ಆಧುನಿಕ ಭಾಷಾವಿಜ್ಞಾನ ಲಘುವಾಗಿ ಕಂಡದ್ದುಂಟು. ಜೇನ್ನೊಣವು ಕಾಲಿಲ್ಲದೆ ಹುಟ್ಟುವುದರಿಂದ ಅದಕ್ಕೆ ‘ಆಪಿಸ್’ ಎಂಬ ಹೆಸರೆಂದೂ, ಅಕ್ಷರಗಳು ಓದುವವನಿಗೆ ದಾರಿ ತೋರುವುದರಿಂದ ಅವಕ್ಕೆ ‘ಲಿಟ್ಟೆರೆ’ ಎಂಬ ಹೆಸರೆಂದೂ ಅವನು ವಿವರಿಸುತ್ತಾನೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇವು ನಿಲ್ಲುವುದಿಲ್ಲ. ಆದರೆ ಊರ ಹೆಸರಿಗೆ ಕಥೆ ಕಟ್ಟುವ ಜನಪದ ನಿರುಕ್ತಿಯಂತೆ ಇವೂ ಹೆಸರಿನ ಮೂಲಕ ವಸ್ತುವನ್ನು ನೆನಪಿನಲ್ಲಿ ನಿಲ್ಲಿಸುವ ಉಪಾಯಗಳು. 9ನೆಯ ಶತಮಾನದ ಶಾಲಾ ಟಿಪ್ಪಣಿಗಳಲ್ಲಿ ಪದವನ್ನು ಒಡೆದು ಅರ್ಥ ಹೇಳುವ ಇದೇ ಕ್ರಮ ಸಾಮಾನ್ಯವಾಗಿರುವುದನ್ನು ನೋಡಿದರೆ, ಓದುಗರು ಇಸಿಡೋರನಿಂದ ವಿಷಯಕ್ಕಿಂತ ಮಿಗಿಲಾಗಿ ವಿಧಾನವನ್ನು ಕಲಿತರೆನ್ನಬಹುದು.

ಅಂಚಿನ ಬರಹವನ್ನು ಏಕಾಂಗಿ ಓದುಗನ ಅಂತರಂಗದ ದನಿಯೆಂದು ಭಾವಿಸುವ ಒಲವೊಂದಿದೆ. ಅದು ಆಕರ್ಷಕವಾದರೂ ಅಪಾಯಕಾರಿ. ಅನೇಕ ಟಿಪ್ಪಣಿಗಳು ಒಂದು ಪ್ರತಿಯಿಂದ ಇನ್ನೊಂದಕ್ಕೆ ನಕಲುಗೊಂಡು ಬಂದವು. ದಾರಿಯಲ್ಲಿ ಕೆಲವು ಉದುರಿದವು, ಕೆಲವು ಸೇರಿದವು, ಕೆಲವು ಸಾಲಿನೊಳಗೆ ಜಾರಿ ಮೂಲವೇ ಆದವು. ಕರ್ತೃವಿನ ಹೆಸರಿಲ್ಲದೆ ಕೈಯಿಂದ ಕೈಗೆ ಸಾಗಿ ಪ್ರತಿ ನಿಲ್ದಾಣದಲ್ಲಿ ರೂಪ ಬದಲಿಸುವ ಈ ಬರಹವನ್ನು ಪರಂಪರೆಯ ಪಾಠವೆಂದು ಓದುವುದೇ ಯುಕ್ತ.

ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಒಂದು ಪ್ರಾಚೀನ ಸ್ಪ್ಯಾನಿಷ್ ಪ್ರತಿಯ ವಿಚಾರ ಇನ್ನೂ ಬೇರೆ. ಅದರ ಲ್ಯಾಟಿನ್ ಪುಟಗಳಲ್ಲಿ ಅರಬ್ಬಿ ಟಿಪ್ಪಣಿಗಳಿವೆ. ಅರಬ್ಬಿಯಲ್ಲಿ ಹೆಸರುಗಳನ್ನು ಬರೆದ ಭೂಪಟವೂ ಇದೆ. 711ರ ನಂತರ ಇಸ್ಲಾಮಿಕ್ ಆಳ್ವಿಕೆಗೆ ಒಳಪಟ್ಟ ಐಬೀರಿಯಾದಲ್ಲಿ ಕ್ರೈಸ್ತರೂ ಅರಬ್ಬಿಯನ್ನು ತಮ್ಮ ಮಾತಾಗಿಸಿಕೊಂಡಿದ್ದರು. ಪೂರ್ವಿಕರ ಲ್ಯಾಟಿನ್ ವಿದ್ಯೆಯನ್ನು ನಿತ್ಯದ ನುಡಿಯಲ್ಲಿ ಅರಗಿಸಿಕೊಳ್ಳುವ ಯತ್ನ ಆ ಪುಟಗಳಲ್ಲಿದೆ. ಎರಡು ಭಾಷೆಗಳ ನಡುವೆ ಬದುಕಿದ ಸಮುದಾಯವೊಂದರ ಇಂಥ ಸಾಕ್ಷ್ಯ ಇಸಿಡೋರನ ವಾಕ್ಯಗಳಲ್ಲಿ ಎಷ್ಟು ಹುಡುಕಿದರೂ ದೊರೆಯದು.

ಇವೆಲ್ಲವೂ 1911ರಲ್ಲಿ ಆಕ್ಸ್‌ಫರ್ಡ್‌ನಿಂದ ಎರಡು ಸಂಪುಟಗಳಲ್ಲಿ ಹೊರಬಂದ ಡಬ್ಲ್ಯು. ಎಂ. ಲಿಂಡ್ಸೆ ಅವರ ಸಂಪಾದನೆಯ ಹೊರಗೆ ಉಳಿದವು. ಆ ಸಂಪಾದನೆಯ ಉಪಕಾರ ದೊಡ್ಡದು. ಶತಮಾನ ಕಾಲ ವಿದ್ವಾಂಸರು ಅದನ್ನೇ ಆಶ್ರಯಿಸಿದ್ದಾರೆ. ಆದರೆ ಅವರು ಪ್ರತಿಗಳನ್ನು ಮೂರು ಕುಲಗಳಾಗಿ ವಿಂಗಡಿಸಿ, ಫ್ರಾಂಕಿಶ್ ಕುಲವನ್ನು ‘ಪೂರ್ಣ’ವೆಂದೂ ಇಟಾಲಿಯನ್ ಕುಲವನ್ನು ‘ಸಂಕ್ಷಿಪ್ತ’ವೆಂದೂ ಸ್ಪ್ಯಾನಿಷ್ ಕುಲವನ್ನು ‘ಪ್ರಕ್ಷಿಪ್ತ’ವೆಂದೂ ಕರೆದದ್ದನ್ನು ಗಮನಿಸಬೇಕು. ಈ ಹೆಸರುಗಳಲ್ಲಿ ವರ್ಣನೆಯೊಂದಿಗೆ ತೀರ್ಪೂ ಬೆರೆತಿದೆ. ಲೇಖಕನೇ ಮುಗಿಸದೆ ಬಿಟ್ಟ, ಮೊದಲ ದಿನದಿಂದಲೇ ಬ್ರೌಲಿಯೊನ ಕೈ ಸೇರಿದ ಕೃತಿಯಲ್ಲಿ ಪ್ರಕ್ಷೇಪವನ್ನು ಯಾವ ಗೆರೆಯಿಂದಾಚೆಗೆ ಎಣಿಸಬೇಕು? ಲಿಂಡ್ಸೆ ಅವರ ವಿಧಾನಕ್ಕೆ ಮೂಲವೊಂದೇ ಗಮ್ಯವಾದ್ದರಿಂದ ಈ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಜನಪದ ಕಾವ್ಯದ ಪಾಠಾಂತರಗಳಲ್ಲಿ ಒಂದನ್ನು ಶುದ್ಧವೆಂದು ಆರಿಸಿ ಉಳಿದುದನ್ನು ಅಡಿಟಿಪ್ಪಣಿಗೆ ತಳ್ಳುವ ಸಂಪಾದನೆಗಳ ತೊಡಕೂ ಇದೇ.

ನೆದರ್‌ಲೆಂಡ್ಸ್‌ನ ಹೈಗೆನ್ಸ್ ಸಂಸ್ಥೆಯಿಂದ 2021ರಲ್ಲಿ ಹೊರಬಂದ ಡಿಜಿಟಲ್ ಸಂಪಾದನೆಯು ಟಿಪ್ಪಣಿಗಳನ್ನೇ ಮುಖ್ಯ ಪಾಠವಾಗಿಸಿ, ಯಾವುದು ಯಾವ ಪ್ರತಿಯಲ್ಲಿದೆಯೆಂಬ ವಿವರದೊಂದಿಗೆ ನೀಡಿದೆ. ಅದರ ವ್ಯಾಪ್ತಿ ಮೊದಲ ಪುಸ್ತಕಕ್ಕೆ ಸೀಮಿತ.