ಕಲ್ಮನೆ ಮತ್ತು ಮಹಾವಿಷ್ಣುಗೃಹ: ಎರಡು ಭಾಷೆ, ಎರಡು ಯೋಚನೆಯೇ?

‘ಹೊಗಳಿಕೆಗೆ ಸಂಸ್ಕೃತ, ಲೆಕ್ಕಕ್ಕೆ ಕನ್ನಡ.’ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ಈ ಸೂತ್ರ ಕೇಳಿಬರುತ್ತೆ. ಕೆಲವರು ಇನ್ನೂ ಮುಂದೆ ಹೋಗಿ, ಆ ಕಾಲದ ಕನ್ನಡಕ್ಕೆ ದೊಡ್ಡ ವಿಚಾರ ಹೊರುವ ಶಕ್ತಿಯೇ ಇರಲಿಲ್ಲ ಅಂತಾರೆ. ಮೊದಲರ್ಧವನ್ನು ನಾನೂ ಕೆಲವು ವರ್ಷ ಹೇಳಿಕೊಂಡು ತಿರುಗಿದವನೇ. ಎಂಜಿನಿಯರಿಗೆ ಒಂದು ಸೂತ್ರ ಸಿಕ್ಕರೆ ಬಿಡೋದು ಕಷ್ಟ. ಬಾದಾಮಿಯ ಮೂರನೇ ಗುಹೆಯ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಅದು ಸಡಿಲವಾಯಿತು.

ಎರಡೂ ಚಾಲುಕ್ಯ ಮಂಗಲೇಶನವು. ಸಂಸ್ಕೃತ ಶಾಸನದ ಕಾಲ ಶಕ 500, ಅಂದರೆ ಕ್ರಿ.ಶ. 578. ಅದರಲ್ಲಿ ಗುಹೆ ‘ಮಹಾವಿಷ್ಣುಗೃಹ’, ದೇವರನ್ನೂ ಮನುಷ್ಯರನ್ನೂ ಮೀರಿದ ಅದ್ಭುತ. ಅಲ್ಲೇ ಬಂಡೆಯ ಮೇಲಿರುವ ಪುಟ್ಟ ಕನ್ನಡ ಶಾಸನದಲ್ಲಿ ಅದೇ ಗುಹೆ ‘ಕಲ್ಮನೆ’. ಕಲ್ಲಿನ ಮನೆ, ಅಷ್ಟೇ. ಇಲ್ಲಿವರೆಗೆ ಸೂತ್ರ ಸರಿ ಅನ್ನಿಸುತ್ತೆ.

ಆದರೆ ಲೆಕ್ಕ ಸಂಸ್ಕೃತದಲ್ಲೂ ಇದೆ. ಕೊಟ್ಟ ಊರಿನ ಹೆಸರು, ದಿನವೂ ಊಟ ಹಾಕಬೇಕಾದ 16 ಬ್ರಾಹ್ಮಣರು, ಮಿಕ್ಕದ್ದು ಪರಿವ್ರಾಜಕರಿಗೆ, ಎಲ್ಲವೂ ಅದರಲ್ಲೇ ಬರುತ್ತೆ. ಇನ್ನು ದಾನ ಕೆಡಿಸಿದವನು ಏಳನೆಯ ನರಕದ ಹುಳುವಾಗುತ್ತಾನೆ ಅನ್ನೋದು ಕನ್ನಡದ ಶಾಪ. ಭೂಮಿ ಕಸಿದವನು ಹುಳುವಾಗುತ್ತಾನೆ ಅನ್ನೋದು ಸಂಸ್ಕೃತ ದಾನಶಾಸನಗಳ ಪ್ರಸಿದ್ಧ ಶ್ಲೋಕದಲ್ಲೂ ಇದೆ. ಭಾಷೆ ಬದಲಾದರೂ ಹುಳು ಬದಲಾಗಲಿಲ್ಲ ನೋಡಿ! ಹೊಗಳಿಕೆ ಬೇಕಿದ್ದರೆ ಅದೇ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಹೋಗಿ. ಸುಮಾರು ಕ್ರಿ.ಶ. 700ರದ್ದು. ಒಬ್ಬ ಮನುಷ್ಯನ ಗುಣವನ್ನು ಕನ್ನಡ ತ್ರಿಪದಿಯಲ್ಲಿ ಅದೆಷ್ಟು ಬಿಗಿಯಾಗಿ ಹೇಳಿದ್ದಾರೆ!

ಶಾಸನಗಳಲ್ಲಿ ಭಾಷೆಗಳ ನಡುವಿನ ಈ ಕೆಲಸದ ಹಂಚಿಕೆಯನ್ನು ವಿಸ್ತಾರವಾಗಿ ಚರ್ಚಿಸಿದವರು ಶೆಲ್ಡನ್ ಪೊಲಾಕ್, 2006ರ ತಮ್ಮ ಪುಸ್ತಕದಲ್ಲಿ. ಅವರು ಹೇಳಿದ್ದು ಬಳಕೆಯ ಬಗ್ಗೆ, ಅಧಿಕಾರದ ಬಗ್ಗೆ. ಅದನ್ನು ಭಾಷೆಯ ಸಾಮರ್ಥ್ಯದ ಮಾತಾಗಿ ತಿರುಗಿಸಿಕೊಂಡವರು ನಾವು.

ಹಾಗಾದರೆ ಭಾಷೆ ಯೋಚನೆಯನ್ನು ರೂಪಿಸೋದೇ ಇಲ್ಲವೇ? ರೂಪಿಸುತ್ತೆ, ಆದರೆ ಬೇರೆ ರೀತಿಯಲ್ಲಿ. ಯಾರಿಗೆ ಹೇಳುತ್ತಿದ್ದೇವೆ ಅನ್ನೋದು ಭಾಷೆಯನ್ನು ಆರಿಸುತ್ತೆ. ಆ ಭಾಷೆ ಯಾರು ಕಣ್ಣಿಗೆ ಬೀಳಬೇಕು ಅನ್ನೋದನ್ನು ಆರಿಸುತ್ತೆ. ಸಂಸ್ಕೃತ ಪಾಠದಲ್ಲಿ ಕಾಣದ ಒಂದು ಗುಂಪು ಕನ್ನಡದಲ್ಲಿದೆ: ದೇವರಿಗೆ ಹೂ ಕಟ್ಟುವ ಮಾಲೆಗಾರರು. ತಮ್ಮ ಪಾಲು ಏನು ಅನ್ನೋದು ಅವರಿಗೂ ಊರಿಗೂ ತಿಳಿಯಬೇಕಿತ್ತು. ಅದಕ್ಕೇ ಅದು ಊರಿನ ಮಾತಿನಲ್ಲಿದೆ, ಅದ್ಭುತವೂ ‘ಕಲ್ಮನೆ’ಯಾಗಿದೆ ಅನ್ನೋದು ನನ್ನ ಓದು.

ಕನ್ನಡದ್ದು ಬರೀ ಸಂಸ್ಕೃತದ ಸಾರಾಂಶ ಅಂತ ಬದಿಗಿಟ್ಟರೆ ನಾವು ಕಳೆದುಕೊಳ್ಳೋದು ಭಾಷಾಭಿಮಾನವನ್ನಲ್ಲ, ಆ ಹೂವಿನವರನ್ನು. ಮುಂದಿನ ಸಲ ಮೂರನೇ ಗುಹೆಗೆ ಹೋದಾಗ ಶಿಲ್ಪಗಳ ಫೋಟೊ ತೆಗೆದ ಮೇಲೆ ಆ ಬಂಡೆಯ ಅಕ್ಷರಗಳ ಮುಂದೆಯೂ ಎರಡು ನಿಮಿಷ ನಿಲ್ಲಿ.