ಗಂಟಲು ಬಿಚ್ಚಿ ಹಾಡಿದ ಅಶ್ವತ್ಥ್

ಸಿ. ಅಶ್ವತ್ಥ್ ನಮ್ಮ ಹಾಸನ ಜಿಲ್ಲೆಯವರು. ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಕಲಿತರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ನಾಟಕಗಳಿಗೆ ರಾಗ ಹಾಕಿದರು. ರಂಗಭೂಮಿಯ ಆ ಪಳಗುವಿಕೆ ಅವರ ಹಾಡಿಕೆಯಲ್ಲಿ ಕೊನೆಯವರೆಗೂ ಉಳಿಯಿತು.

ಅದು ಎದ್ದು ಕಾಣುವುದು ಸಂತಕವಿ ಶಿಶುನಾಳ ಶರೀಫರ ತತ್ವಪದಗಳಲ್ಲಿ. ಧಾರವಾಡ ಸೀಮೆಯ ಭಜನಾಮೇಳಗಳ ಹಾಡುಗಳವು. ಹಳೇ ಮೈಸೂರಿನ ನಾಲಗೆಗೆ ಆ ನುಡಿಯ ಬಿರುಸು ಸುಲಭವಾಗಿ ಒಗ್ಗುವುದಿಲ್ಲ. ಅಶ್ವತ್ಥ್ ಅದನ್ನು ನಯ ಮಾಡಲು ಹೋಗಲಿಲ್ಲ. ತಾರಸ್ಥಾಯಿಗೆ ಏರುವಾಗ ದನಿ ಒರಟಾಗುತ್ತದೆ, ಬಿರಿಯುತ್ತದೆ. ಆ ಬಿರುಕಿನಲ್ಲೇ ಶರೀಫರ ಹಟವೂ ಬೆರಗೂ ಕೇಳಿಸುತ್ತವೆ. ಒಂದೇ ಮಾತನ್ನು ಹೊರಳಿಸಿ ಹೊರಳಿಸಿ ಹಾಡಿ, ಪ್ರತಿ ಸಲವೂ ಬೇರೆ ಅರ್ಥದ ಕಡೆ ಬೆರಳು ಮಾಡುತ್ತಾರೆ. ಇಂಪಾದ ಕಂಠಗಳು ಕನ್ನಡಕ್ಕೆ ಬಹಳ ಇದ್ದವು, ಇಷ್ಟು ಧೈರ್ಯದ ಕಂಠ ಅಪರೂಪ.

ಮುಂದಿನ ತಲೆಮಾರಿನಲ್ಲಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರನ್ನು ಗಿಟಾರಿಗೆ ತಂದರು. ಈ ಗಾಯಕನ ಹಾಡಿಗೆ ಯುವಜನ ಕುಣಿದದ್ದು ಸಂತೋಷದ ಸಂಗತಿ. ಅದನ್ನು ಮೆಚ್ಚಿದವರು ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದ ಹಾಡುಗಳನ್ನೂ ಕೇಳಬೇಕು. ಸಂಗೀತ ಅಶ್ವತ್ಥರದು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಗೀತಗಾಯನ ಕಾರ್ಯಕ್ರಮ ನಡೆಸಿದಾಗ ಜನ ಕಿಕ್ಕಿರಿದು ಸೇರಿದ್ದರು, ಕವಿತೆ ಕೇಳುವುದಕ್ಕೆ.